ಗಿಲಕಿ ಹಿಡಿದಿದ್ದ ಕೈ

ನಮ್ಮ ಕಡೆಯ ಹಳ್ಳಿಗಳಲ್ಲಿ ಕಿವಿ ಸೋರುವುದನ್ನು ಕಾಯಿಲೆಯೆಂದೇ ಯಾರೂ ಗಣಿಸದಿದ್ದ ಕಾಲದಲ್ಲಿ, ಅದನ್ನು ಅಲಕ್ಷಿಸಿದ್ದರಿಂದಲೇ ಮಕ್ಕಳು ಕಿವುಡಾಗುತ್ತಿದ್ದಾರೆಂದು ಮನೆಮನೆ ಸುತ್ತಿ ಸಾಧಿಸಿ ತೋರಿಸಿದವರು ಡಾ. ಶಾಂತಕುಮಾರಿ ಅವರು. ಕಿವಿರೋಗಗಳ ಸಂಶೋಧನೆಯಲ್ಲಿ ಇಂದು ಅವರ ಹೆಸರಿಗಿರುವ ಗೌರವವನ್ನು ಅವರು ಗುಮ್ಮಘಟ್ಟದ ಶೇರ್ ಆಟೋಗಳಲ್ಲಿ ಮೊಣಕಾಲು ಮಡಚಿ ಕೂತು ಸಂಪಾದಿಸಿದರು. ಅವರ ನಿವೃತ್ತಿಯ ಈ ಸಂಪುಟಕ್ಕೆ ಬರೆಯುವ ಯೋಗ್ಯತೆ ನನಗಿದೆಯೇ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಮಡಕಶಿರದ ಹಿಪ್ಪುನೇರಳೆ ಬೆಳೆಯುವ ಮನೆತನದ ಮೇಡಂ ರಾಯದುರ್ಗದ ಆಸ್ಪತ್ರೆಗೆ ಬಂದದ್ದು ೧೯೯೪ರಲ್ಲಿ; ಶ್ರವಣ ಪರೀಕ್ಷೆಯ ಸಹಾಯಕನಾಗಿ ನಾನು ಅವರ ಕೈಕೆಳಗೆ ಸೇರಿದ್ದು ೨೦೦೮ರಲ್ಲಿ. ಮಕ್ಕಳ ಕಿವಿಗೆ ಎಣ್ಣೆ ಕಾಯಿಸಿ ಬಿಡುವ ಅಜ್ಜಿಯರಾಗಲಿ, ಬೆಂಕಿಕಡ್ಡಿ ತೂರಿಸಿಕೊಳ್ಳುವ ಗಂಡಸರಾಗಲಿ ಅವರ ಬಾಯಿಗೆ ಸಿಕ್ಕರೆ ಮುಗಿಯಿತು. ಬೈದ ಮೇಲೆ ಹತ್ತಿ ಸುತ್ತಿ ಕೀವು ಒರೆಸುವವರೂ ಅವರೇ. ನನ್ನ ತಂದೆ ತೀರಿಕೊಂಡಾಗ ಹದಿನೈದು ದಿನ ನನ್ನ ಪಾಲಿನ ಹಳ್ಳಿಗಳನ್ನೂ ಸುತ್ತಿದರು, ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.

೨೦೧೧ರಲ್ಲಿ ಅವರು ಹಸುಗೂಸುಗಳ ಪರೀಕ್ಷೆ ಆರಂಭಿಸಿದರು. ಹುಟ್ಟುಕಿವುಡನ್ನು ಬೇಗ ಕಂಡುಹಿಡಿದರೆ ಯಂತ್ರ ಹಾಕಿ ಮಾತು ಕಲಿಸಬಹುದು. ತಡವಾದರೆ ಬಲು ಕಷ್ಟ. ಮಗುವಿನ ಬೆನ್ನ ಹಿಂದೆ ಗಿಲಕಿ ಆಡಿಸಬೇಕು, ತಿರುಗಿದರೆ ಕಾರ್ಡಿನಲ್ಲಿ ‘ಕೇಳಿಸುತ್ತದೆ’ ಎಂದು ಬರೆಯಬೇಕು. ಭೈರವಾನಿತಿಪ್ಪದ ಹತ್ತಿರದ ಕುರಿಹಟ್ಟಿಯೊಂದರಲ್ಲಿ ಉಜ್ಜಿನಮ್ಮ ಎಂಬ ತಾಯಿಯ ಹತ್ತು ತಿಂಗಳ ಮಗಳು ಗಂಗೋತ್ರಿ ಮೂರು ಸಲವೂ ತಿರುಗಿದಳು. ನಾನು ಬರೆದುಕೊಟ್ಟೆ.

ನಾಲ್ಕು ವರ್ಷವಾದರೂ ಹುಡುಗಿಗೆ ಮಾತು ಬರಲಿಲ್ಲ. ಉಜ್ಜಿನಮ್ಮ ಕಾರ್ಡು ಹಿಡಿದು ಆಸ್ಪತ್ರೆಗೆ ಬಂದರು. “ಕೇಳ್ತೈತಂತ ನೀವ ಬರಕೊಟ್ಟಿದ್ರಿ. ಅದಕ್ಕ ಮಾತು ತಡ ಆದ್ರೂ ಸುಮ್ನಿದ್ವಿ” ಎಂದರು.

ಮರುದಿನವೇ ಮೇಡಂ ನನ್ನನ್ನು ಹಟ್ಟಿಗೆ ಕರೆದೊಯ್ದು, “ಅವತ್ತು ಹೆಂಗೆ ಮಾಡಿದ್ಯೋ ಹಂಗೇ ಮಾಡಪ್ಪ” ಎಂದರು. ಅವತ್ತಿನಂತೆಯೇ ಕುರಿದೊಡ್ಡಿಗೆ ಎದುರಾಗಿ ಗಂಗೋತ್ರಿಯನ್ನು ಕೂರಿಸಿ ಹಿಂದಿನಿಂದ ಗಿಲಕಿ ಆಡಿಸಿದೆ. ಎದುರಿಗಿದ್ದ ಕುರಿಗಳೆಲ್ಲ ಒಮ್ಮೆಗೇ ತಲೆಯೆತ್ತಿ ನನ್ನತ್ತ ನೋಡಿದವು. ಅವು ನೋಡಿದ ಕಡೆಗೆ ಅವಳೂ ತಿರುಗಿದಳು. ಮೇಡಂ ಅವಳನ್ನೆತ್ತಿಕೊಂಡು ಮನೆಯೊಳಗೆ ಹೋಗಿ, ಬಾಗಿಲು ಮುಚ್ಚಿ, ಗೋಡೆಗೆ ಮುಖಮಾಡಿ ಕೂರಿಸಿ ತಾವೇ ಗಿಲಕಿ ಆಡಿಸಿದರು. ಮಗು ಅಲುಗಲಿಲ್ಲ.

ವರದಿಯಲ್ಲಿ ಮೇಡಂ ‘ಈ ಲೋಪ ನನ್ನದು’ ಎಂದು ಬರೆದರು. ಉಜ್ಜಿನಮ್ಮನಿಗೂ ಹಾಗೆಯೇ ಹೇಳಿದರು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ನನ್ನ ಕೆಲಸ ಉಳಿಯಿತು. ಬಾಗಿಲು ಮುಚ್ಚಿಯೇ ಪರೀಕ್ಷಿಸಬೇಕೆಂಬ ನಿಯಮ ಅಂದಿನಿಂದ ಬಂತು, ಅದರಿಂದ ಮುಂದೆ ಹನ್ನೊಂದು ಮಕ್ಕಳು ವೇಳೆಗೆ ಸರಿಯಾಗಿ ಸಿಕ್ಕರು. ಆ ಹನ್ನೊಂದಕ್ಕೆ ಸಭೆಯೊಂದರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ಮೇಡಂ ಮುಖ ಮಾತ್ರ ಮಂಕಾಗಿಯೇ ಇತ್ತು. ಹತ್ತು ವರ್ಷ, ಪ್ರತಿ ತಿಂಗಳೂ, ಅವರೊಬ್ಬರೇ ಆ ಹಟ್ಟಿಗೆ ಹೋಗಿ ಗಂಗೋತ್ರಿಗೆ ಕೈಸನ್ನೆಯ ಮಾತು ಕಲಿಸಿದರು, ತಾವೂ ಕಲಿತರು. ನಾನು ಆ ಕಡೆ ತಲೆ ಹಾಕಲಿಲ್ಲ. ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಇದನ್ನು ಬರೆಯಲು ಅನುಮತಿ ಕೇಳಿದಾಗ ಮೇಡಂ, “ಮೊದ್ಲು ಉಜ್ಜಿನಮ್ಮಂಗೆ ಹೇಳಿ ಬಾ” ಎಂದಷ್ಟೇ ಹೇಳಿದರು. ಹೋದ ವಾರ ಹೋಗಿ ತಪ್ಪೊಪ್ಪಿಕೊಂಡೆ.

“ಗೊತ್ತೈತ್ರಿ. ಗಿಲಕಿ ಹಿಡಿದಿದ್ದ ಕೈ ನಿಮ್ದು, ನಾನ ನೋಡೀನಲ್ರಿ” ಎಂದರು ಉಜ್ಜಿನಮ್ಮ. “ಇಷ್ಟು ವರ್ಸ ಯಾಕ ಬರ್ಲಿಲ್ಲ?”

ಹದಿನಾಲ್ಕರ ಗಂಗೋತ್ರಿ ನನ್ನನ್ನು ನೋಡಿ, ಎರಡೂ ಅಂಗೈಗಳನ್ನು ಬಾಗಿಲು ಮುಚ್ಚುವಂತೆ ಸೇರಿಸಿದಳು. “ಡಾಕ್ಟರಮ್ಮ ಬರ್ಲಿಲ್ಲೇನಂತ ಕೇಳಾಕತ್ತಾಳ್ರಿ. ಬಾಗ್ಲ ಮುಚ್ಚಿದಂಗ ಕೈ ಮಾಡಿದ್ರ ಅದು ಅವ್ರ ಹೆಸ್ರು” ಎಂದು ತಾಯಿ ವಿವರಿಸಿದರು. ಅವಳ ಕೈಯಲ್ಲಿ ನನಗೆ ಹೆಸರಿಲ್ಲ.

ಮೇಡಂ ಅವರು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ, ಕಿವಿರೋಗಗಳ ಕುರಿತು ಅರ್ಧಕ್ಕೆ ನಿಂತಿರುವ ಬರವಣಿಗೆಯನ್ನು ಮಡಕಶಿರದ ಮನೆಯಲ್ಲಿ ಕೂತು ಪೂರೈಸಲಿ. ತಿಂಗಳಿಗೊಮ್ಮೆ ಹಟ್ಟಿಗೆ ಹೋಗುವ ಕೆಲಸ ಇನ್ನು ನನ್ನದು. ಗಂಗೋತ್ರಿ ಎಂದಾದರೂ ನನಗೊಂದು ಹೆಸರಿಟ್ಟರೆ, ಅದು ಎಂಥದೇ ಆಗಿರಲಿ, ಅದನ್ನು ನೋಡಲು ಮೇಡಂ ಇರಲಿ.