ಗೆರೆಗಿಂತ ಎರಡು ಬೆರಳು ಮೇಲೆ

ಮಾಕಳಿಯಲ್ಲಿ, ತುಮಕೂರು ರಸ್ತೆಗೆ ಬೆನ್ನು ಹಾಕಿ ನಿಂತಂತಿದ್ದ ತಗಡಿನ ಶೆಡ್ಡಿನಲ್ಲಿ ಮಡಿವಾಳಪ್ಪ ವ್ಯಾನುಗಳ ರಿಪೇರಿ ಮಾಡುತ್ತಿದ್ದ. ಅವನ ಸಾಮಾನುಗಳಲ್ಲೆಲ್ಲ ಹೆಸರುವಾಸಿಯಾಗಿದ್ದದ್ದು ಒಂದು ಪ್ಲಾಸ್ಟಿಕ್ ಬಾಟಲಿ. ಅದರ ಮೈಮೇಲೆ ಹೆಂಡತಿ ಶೇಖವ್ವನ ಉಗುರುಬಣ್ಣದಿಂದ ಎಳೆದ ಕೆಂಪು ಗೆರೆ. ಅಲ್ಲಿಯವರೆಗೆ ತುಂಬಿದರೆ ಸರಿಯಾಗಿ ಒಂದು ಲೀಟರ್. ಮೈಲೇಜು ಬರುತ್ತಿಲ್ಲವೆಂದು ಯಾರಾದರೂ ಬಂದರೆ ಟ್ಯಾಂಕಿನ ಪೈಪು ಕಳಚಿ, ಬಾಟಲಿಯ ಪೈಪನ್ನು ಎಂಜಿನ್ನಿಗೆ ಜೋಡಿಸಿ, ಗಾಡಿ ತಾನಾಗಿ ನಿಲ್ಲುವವರೆಗೆ ಓಡಿಸುತ್ತಿದ್ದ. ಎಷ್ಟು ದೂರ ಹೋಯಿತೋ ಅದೇ ಮೈಲೇಜು. ಪೆಟ್ರೋಲ್ ತುಂಬುವಾಗ ಗಾಡಿಯವರು ಗೆರೆಯ ಮೇಲೆ ಹೆಬ್ಬೆರಳಿಟ್ಟು ನೋಡಬೇಕು. ಅದು ಶೆಡ್ಡಿನ ನೇಮ.

"ಆಮ್ಯಾಲೆ ನನ್ನ ಬೈಬಾರ್ದು ನೋಡ್ರಿ," ಎನ್ನುತ್ತಿದ್ದ.

ಮೈಲೇಜು ಹೆಚ್ಚಿಸುತ್ತೇವೆನ್ನುವ ಸಾಮಾನುಗಳು ಪೀಣ್ಯದ ಅಂಗಡಿಗಳಲ್ಲಿ ತೂಗಾಡತೊಡಗಿದ ಕಾಲ ಅದು. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ, ಡ್ಯಾಶ್‌ಬೋರ್ಡಿನ ತೂತಿಗೆ ಸಿಕ್ಕಿಸಿದರೆ ನೀಲಿ ದೀಪ ಉರಿಯುವ ಡಬ್ಬಿ. ಎಲ್ಲವೂ ಬಾಟಲಿಯ ಮುಂದೆ ಬಂದು ಸೋತಿದ್ದವು. "ಎತ್ತಿನ ಕೊಂಬಿಗೆ ಬಣ್ಣ ಬಡದ್ರ ಬಂಡಿ ಜೋರಾಗಿ ಎಳೀತೈತೇನ್ರಿ?" ಎಂದು ಮಡಿವಾಳಪ್ಪ ಕೇಳುತ್ತಿದ್ದ. ಡ್ರೈವರುಗಳು ನಕ್ಕು ಡಬ್ಬಿಯನ್ನು ಮಕ್ಕಳ ಆಟಕ್ಕೆ ಒಯ್ಯುತ್ತಿದ್ದರು.

ಮಲಕಪ್ಪ ಅವನ ಊರಿನವನು. ಸಿಂದಗಿಯಿಂದ ಒಂದೇ ಬಸ್ಸಿನಲ್ಲಿ ಬಂದವರು, ಮದುವೆಯಾಗುವವರೆಗೆ ಒಂದೇ ಕೋಣೆಯಲ್ಲಿ ಒಂದೇ ಚಾದರ ಹೊದ್ದವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಲೇತ್ ಮಷಿನ್ ನಡೆಸಿದ್ದ ಮಲಕಪ್ಪ, ೨೦೦೬ರಲ್ಲಿ ಅದು ಬಾಗಿಲು ಹಾಕಿದ ಮೇಲೆ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟ. ಗಡ್ಡ ಬೆಳೆಯಿತು. "ಗ್ವಾಡಿ ನೋಡ್ಕೋತ ಕುಂದರ್ತಾರ ಅಣ್ಣಾ," ಎಂದು ಅವನ ಹೆಂಡತಿ ಶಿವಗಂಗಾ ಮಡಿವಾಳಪ್ಪನೆದುರು ಅತ್ತಿದ್ದಳು.

ಐದು ತಿಂಗಳ ಮೇಲೆ ಒಂದು ದಿನ ಅವನು ಇಸ್ತ್ರಿ ಅಂಗಿ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಶೆಡ್ಡಿಗೆ ಬಂದ. ಚೀಲದ ತುಂಬ ಅಯಸ್ಕಾಂತಗಳು.

"ಏಜೆನ್ಸಿ ತಗೊಂಡೀನಿ ದೋಸ್ತ. ಪೈಪಿಗೆ ಕಟ್ಟಿದ್ರ ಪೆಟ್ರೋಲ್ ಪೂರ್ತಿ ಉರೀತೈತಿ. ಕಂಪನಿ ಮೀಟಿಂಗ್‌ನಾಗ ತೋರ್ಸಿದ್ರು."

"ಇಂಥಾವು ನಾ ಎಷ್ಟು ನೋಡಿಲ್ಲಲೇ?"

"ಇದು ಬ್ಯಾರೆ ಐತಿ. ನಿನ್ನ ಬಾಟ್ಲಿಗೇ ಹಚ್ಚು. ವ್ಯಾನ್ ಸ್ಟ್ಯಾಂಡಿನ ಮಂದಿ ಎಲ್ಲಾ ನೋಡ್ಲಿ."

ಮಡಿವಾಳಪ್ಪ ಅವನ ಗದ್ದವನ್ನೇ ನೋಡುತ್ತಿದ್ದ. ಎಷ್ಟೋ ದಿನದ ಮೇಲೆ ಬೋಳಿಸಿಕೊಂಡ ಗಡ್ಡ. ಬ್ಲೇಡು ತಾಗಿ ಎರಡು ಕಡೆ ರಕ್ತ ಒಣಗಿತ್ತು.

ಭಾನುವಾರ ಬೆಳಿಗ್ಗೆ ಸ್ಟ್ಯಾಂಡಿನ ಡ್ರೈವರ್ ಮುತ್ತು ತನ್ನ ವ್ಯಾನು ಕೊಟ್ಟ. ಲೀಟರಿಗೆ ಹದಿಮೂರು ಕಿಲೋಮೀಟರ್ ಎಂದು ಬಾಟಲಿ ಮೊದಲೇ ಹೇಳಿದ್ದ ವ್ಯಾನು. ಮಲಕಪ್ಪ ತಾನೇ ಬಗ್ಗಿ ಅಯಸ್ಕಾಂತ ಕಟ್ಟಿದ.

"ಹೆಬ್ಬೆರಳಿಡು ಬಾ," ಮಡಿವಾಳಪ್ಪ ಕರೆದ.

"ನಿನ್ನ ಕೈಯಾಗಿನ ಅಳತಿ ನಾ ನೋಡ್ಬೇಕೇನಲೇ, ಹುಚ್ಚ," ಎಂದು ಮಲಕಪ್ಪ ನಕ್ಕು ವ್ಯಾನಿನೊಳಗೆ ಹೋಗಿ ಕುಳಿತ.

ಮಡಿವಾಳಪ್ಪ ಜನರಿಗೆ ಬೆನ್ನು ಮಾಡಿ ತುಂಬಿದ. ಗೆರೆ ಬಂತು. ಕೈ ನಿಲ್ಲಲಿಲ್ಲ. ಎರಡು ಬೆರಳಿನಷ್ಟು ಮೇಲೆ ಹೋದ ಮೇಲೆ ನಿಂತಿತು. ಬಾಟಲಿಗೆ ಒರೆಸುವ ಬಟ್ಟೆ ಸುತ್ತಿದ.

ವ್ಯಾನು ನೆಲಮಂಗಲ ದಾಟಿ, ಶೆಡ್ಡಿನಿಂದ ಹದಿನೈದೂವರೆ ಕಿಲೋಮೀಟರಿಗೆ ನಿಂತಿತು. ಮಲಕಪ್ಪ ಗೆಳೆಯನ ತೋಳು ಹಿಡಿದುಕೊಂಡ. ಕಿಟಕಿಯ ಕಡೆ ಮುಖ ತಿರುಗಿಸಿದ.

"ಮಡಿವಾಳಪ್ಪಣ್ಣನ ಬಾಟ್ಲಿನೇ ಒಪ್ಕೊಂಡ್ಮೇಲೆ ಇನ್ನೇನ್ ಗುರು," ಎಂದು ಮುತ್ತು ಎಲ್ಲರಿಗೂ ಹೇಳಿದ. ಒಂಬತ್ತು ವ್ಯಾನುಗಳಿಗೆ ಅಯಸ್ಕಾಂತ ಬಿತ್ತು.

ತಿಂಗಳಾಯಿತು. "ಮಲಕಪ್ಪಣ್ಣ, ನಿಮ್ ಮ್ಯಾಗ್ನೆಟ್ಟು ನಮ್ಮಜ್ಜಿ ಕಟ್ಟಿದ್ ತಾಯತ ಇದ್ದಂಗೈತೆ ಕಣಣ್ಣ. ಕಟ್ಕೊಂಡಿದೀವಿ, ಫಲ ಮಾತ್ರ ಕಾಣ್ತಿಲ್ಲ," ಎಂದ ಮುತ್ತು. ಸ್ಟ್ಯಾಂಡು ನಕ್ಕಿತು. ಮಲಕಪ್ಪನೂ ನಕ್ಕು, ಅದೇ ವ್ಯಾನಿನಲ್ಲಿ ಅವರನ್ನೆಲ್ಲ ಕರೆದುಕೊಂಡು ನೇರ ಶೆಡ್ಡಿಗೆ ಬಂದ.

"ಇನ್ನೊಮ್ಮೆ ಹಚ್ಚು ದೋಸ್ತ. ಇವರ ಬಾಯಿ ಮುಚ್ಚಿಸೋಣು."

ಮಡಿವಾಳಪ್ಪ ಬಾಟಲಿ ತೆಗೆದ. ಈ ಸಲ ಮಲಕಪ್ಪ ಕರೆಯದೆಯೇ ಹತ್ತಿರ ಬಂದ. "ಮಂದಿ ಮುಂದ ನೇಮ ಬಿಡಬಾರ್ದು," ಎಂದು ಗೆರೆಯ ಮೇಲೆ ಹೆಬ್ಬೆರಳಿಟ್ಟ. ಅವನ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಮಡಿವಾಳಪ್ಪ ಆ ಬೆರಳಿನವರೆಗೆ ತುಂಬಿ ನಿಲ್ಲಿಸಿದ.

ಉಳಿದವರನ್ನು ಶೆಡ್ಡಿನಲ್ಲೇ ಬಿಟ್ಟು ಇಬ್ಬರೇ ಹೊರಟರು. ಹದಿಮೂರು ಕಿಲೋಮೀಟರ್ ತುಂಬುತ್ತಲೇ ವ್ಯಾನು ಎರಡು ಸಲ ಮುಗ್ಗರಿಸಿ ನಿಂತಿತು. ಪಕ್ಕದಲ್ಲಿ ಲಾರಿಗಳು ಹೋಗುತ್ತಿದ್ದವು. ಖಾಲಿ ಬಾಟಲಿ ಮಲಕಪ್ಪನ ತೊಡೆಯ ಮೇಲಿತ್ತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅವತ್ತ ಎಷ್ಟು ಹಾಕಿದ್ದಿ?"

"ಎರಡು ಬೆರಳು ಜಾಸ್ತಿ."

ಮಲಕಪ್ಪ ಗೆರೆಯ ಮೇಲೆ ಎರಡು ಬೆರಳಿಟ್ಟು ನೋಡಿ ಹೇಳಿದ, "ಅವತ್ತ ಇದು ನಡಿಯಂಗಿಲ್ಲ ಅಂದಿದ್ರ ಚೀಲ ತಗೊಂಡು ಮನೀಗೆ ಹೋಗ್ತಿದ್ದೆ. ಈಗ ಒಂಬತ್ತು ಮಂದೀಗೆ ಸುಳ್ಳ ಹೇಳಿದಂಗಾತು. ಅದೂ ನಿನ್ನ ಹೆಸರು ತಗೊಂಡು."

"ನಿನ್ನ ಮಾರಿ ನೋಡಿ ನನಗ..."

"ನಾ ಏನ್ ಕೂಸಾಗಿದ್ನೇನು?"

ಬಾಟಲಿಯನ್ನು ಸೀಟಿನ ಮೇಲಿಟ್ಟು ಇಳಿದು, ಬಂದ ಬಸ್ಸು ಹತ್ತಿದ.

ಮರುದಿನ ಅವನು ಒಂಬತ್ತು ವ್ಯಾನುಗಳಿಂದಲೂ ಅಯಸ್ಕಾಂತಗಳನ್ನು ತಾನೇ ಬಿಚ್ಚಿದ. "ತಪ್ಪು ನಂದು," ಎಂದಷ್ಟೇ ಹೇಳಿದ, ಬಾಟಲಿಯ ಮಾತೆತ್ತಲಿಲ್ಲ. ಮೊದಲ ದಿನ ಮಲಕಪ್ಪನೇ ಏನೋ ಕೈಚಳಕ ಮಾಡಿರಬೇಕೆಂದು ಸ್ಟ್ಯಾಂಡಿನವರು ಮಾತಾಡಿಕೊಂಡರು. ಅವನಲ್ಲ, ನಾನು ಎಂದು ಹೇಳಲು ಮಡಿವಾಳಪ್ಪ ಎರಡು ಸಲ ಅಲ್ಲಿಯವರೆಗೆ ಹೋದ. ಎರಡು ಸಲವೂ ಚಹಾ ಕುಡಿದು ವಾಪಸ್ಸು ಬಂದ. ಅವನ ಒಳ್ಳೆಯ ಹೆಸರು ಹಾಗೆಯೇ ಉಳಿಯಿತು. ಮೈಲೇಜು ಪರೀಕ್ಷೆಗೆ ಈಗಲೂ ಜನ ಬರುತ್ತಿದ್ದರು. ಕೆಲವರು ಹೆಬ್ಬೆರಳಿಡುವುದೇ ಬೇಡ ಎನ್ನುತ್ತಿದ್ದರು: "ನೀವು ಹಾಕಿದ್ಮೇಲೆ ಮುಗೀತಲ್ಲಣ್ಣ." ಆಗ ಅವನು ಅವರ ಕೈಯನ್ನೇ ಹಿಡಿದೆಳೆದು ಗೆರೆಗೆ ಒತ್ತುತ್ತಿದ್ದ. ಯಾಕಿಷ್ಟು ಒರಟಾಗಿ ಎಳೆಯುತ್ತಾನೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಮಲಕಪ್ಪ ಸಂಸಾರ ಕಟ್ಟಿಕೊಂಡು ನಗರದ ಇನ್ನೊಂದು ತುದಿಗೆ, ವರ್ತೂರಿನ ಕಡೆ ಹೋದ. ಅಲ್ಲಿನ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಕಾವಲಿಗಿದ್ದಾನೆಂದು ಎರಡು ವರ್ಷದ ಮೇಲೆ ಗೊತ್ತಾಯಿತು. ಶೇಖವ್ವ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಮೂರು ಬಸ್ಸು ಬದಲಿಸಿ ಮಡಿವಾಳಪ್ಪ ಮಧ್ಯಾಹ್ನಕ್ಕೆ ಗೇಟು ಮುಟ್ಟಿದ.

ನೀಲಿ ಸಮವಸ್ತ್ರದ ಮಲಕಪ್ಪ ಅವನನ್ನು ನೋಡಿದ. ನುಣ್ಣಗೆ ಗಡ್ಡ ಬೋಳಿಸಿಕೊಂಡಿದ್ದ. ಬಂದವರು ಹೆಸರು ಬರೆಯುವ ಪುಸ್ತಕವನ್ನು ಮುಂದೆ ತಳ್ಳಿ, ಎಲ್ಲಿ ಬರೆಯಬೇಕೆಂದು ಹೆಬ್ಬೆರಳಿಟ್ಟು ತೋರಿಸಿದ.

ಮಡಿವಾಳಪ್ಪ ತನ್ನ ಹೆಸರು ಬರೆದ. ಯಾರನ್ನು ನೋಡಬೇಕು ಎನ್ನುವಲ್ಲಿ ಮಲಕಪ್ಪ ಎಂದು ಬರೆದ.

ಮಲಕಪ್ಪ ಅದನ್ನು ಓದಿದ. "ಅವರು ಡ್ಯೂಟಿಮ್ಯಾಲೆ ಅದಾರ್ರಿ," ಎಂದ.

ಮಡಿವಾಳಪ್ಪ ರೊಟ್ಟಿಯ ಗಂಟನ್ನು ಮೇಜಿನ ಮೇಲಿಟ್ಟು, ಕೊನೆಯ ಖಾನೆಯಲ್ಲಿ ಹೊರಗೆ ಹೋದ ಸಮಯ ಬರೆದ. ಅವನು ಒಳಗೆ ಹೋಗಿಯೇ ಇರಲಿಲ್ಲ.