ಟಾಚಣಿ ನಿಲ್ಲದ ಅಲೆ

ಬೆಳಗಿನ ಐದೂವರೆ. ಸವಣೂರಿನ ಶಬೀನಾ ಅವರ ಅಂಗಡಿಯಲ್ಲಿ ಹೊಲಿಗೆಯಂತ್ರ ಸುಮ್ಮನಿದೆ, ಸೀಮೆಸುಣ್ಣ ಓಡುತ್ತಿದೆ. ಕಪ್ಪು ಬಟ್ಟೆಯ ಮೇಲೆ ನೇರ ಗೆರೆ. ಅದರ ಹನ್ನೆರಡು ಇಂಚಿನೊಳಗೆ ಮೂರು ಗುಂಡುಪಿನ್ನು, ಇಲ್ಲಿನವರ ಬಾಯಲ್ಲಿ ಟಾಚಣಿ. ಮೊದಲ ಪಿನ್ನಿನಿಂದ ಮೇಲೇರಿ, ನಡುವಿನದರಲ್ಲಿ ಗೆರೆ ದಾಟಿ ಕೆಳಗಿಳಿದು, ಕೊನೆಯದಕ್ಕೆ ಮರಳುವ ಅಲೆ. ದಿನಕ್ಕೆ ಎಂಟು ದುಪ್ಪಟ್ಟಾಗಳ ಅಂಚಿಗೆ ಬಿಡಿಸುವ ಇದೇ ಅಲೆ ಈ ಹೊತ್ತಿನಲ್ಲಿ ಪಿಯುಸಿಯ ಸೈನ್ ಫಲನ.

"ಗೆರಿ ಮುಟ್ಟಿದ ಜಾಗಾನ ಸೊನ್ನಿ. x ಹತ್ರ ಎರಡು ಕುಂತ್ರ, ಅದ ಹನ್ನೆರಡಿಂಚಿನಾಗ ಎರಡು ಅಲಿ. ಟಾಚಣಿ ಎಷ್ಟವಾ?" ಎಂದು ಶಬೀನಾ ಚಾಪೆಯ ಮೇಲೆ ಕುಳಿತ ಹುಡುಗಿಯರನ್ನು ಕೇಳುತ್ತಾರೆ.

"ಐದರಿ ಅಕ್ಕಾ!" ಹಿರೇಕೆರೂರು ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ಭರಮವ್ವನಿಗೆ ತಡೆಯೇ ಇಲ್ಲ.

"ಸೈನ್ ಮುಂದ ಮೂರು ಬಂದ್ರ?"

"ಅಲಿ ಮೂರು ಪಟ್ಟು ಎತ್ತರರಿ. ಟಾಚಣಿ ಅಲುಗಾಡೂದಿಲ್ಲ!"

ಹತ್ತೂವರೆಗೆ ಭರಮವ್ವನ ಮರುಪರೀಕ್ಷೆ. ಈ ಸಲವೂ ಗಣಿತ ಹೋದರೆ ಓದು ಸಾಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅವಳ ಕಾಲೇಜಿನಲ್ಲಿ ಎರಡು ವರ್ಷದಿಂದ ಗಣಿತ ಕಲಿಸುವವರೇ ಇಲ್ಲ. ಹುಡುಗಿ ಒಂದು ದಿನ ತಪ್ಪಿಸಿದರೆ ಹಾಜರಿ ಕೇಳುವವರು, ಆ ಖಾಲಿ ಕುರ್ಚಿಯ ಹಾಜರಿ ಯಾವಾಗ ಕೇಳುತ್ತಾರೆ? ಹಾನಗಲ್ಲು, ಶಿಗ್ಗಾಂವಿ ಕಡೆಯವರೂ ಸೇರಿ ಹದಿನಾಲ್ಕು ಹುಡುಗಿಯರನ್ನು ಈ ಚಾಪೆಯ ಮೇಲೆ ತಂದು ಕೂರಿಸಿದ್ದು ಆ ಕುರ್ಚಿಯೇ.

ಹದಿನೇಳು ವರ್ಷದ ಹಿಂದೆ ಶಬೀನಾ ಅವರೂ ಇಲ್ಲೇ ಎಡವಿದವರು. "2x ಕಂಡು ಅಲಿ ಎರಡು ಪಟ್ಟು ಅಗಲ ಎಳದಬಿಟ್ಟೆ. ಫೇಲಾತು, ಮದುವಿ ಆತು. ಮಶೀನಿಗೆ ಕುಂತ ಮ್ಯಾಲ ತಿಳೀತು ನೋಡ್ರಿ, ಅಷ್ಟ ಬಟ್ಟಿಯೊಳಗ ಅಲಿ ಹೆಚ್ಚಾದ್ರ ಸಣ್ಣೂ ಆಗಬೇಕಲ್ಲ!"

ಕೊನೆಯ ಲೆಕ್ಕ: 3 ಸೈನ್ (2x) + 4. ಅಂಚು ಬಿಡಿಸಿ ಪಳಗಿದ ಕೈಗೆ ಮೊದಲು ಟಾಚಣಿ, ಆಮೇಲೆ ಅಲೆ. ಶಬೀನಾ ಪಟಪಟನೆ ಐದು ಚುಚ್ಚುತ್ತಾರೆ.

"ತಡೀರಿ ಅಕ್ಕಾ, ತಪ್ಪೈತಿ!" ಭರಮವ್ವ ಟೇಪು ಕಸಿಯುತ್ತಾಳೆ. "ಕೂಡು ನಾಲ್ಕಂದ್ರ ಇಡೀ ಅಲಿನ ನಾಲ್ಕಿಂಚು ಮ್ಯಾಲ ಹೋತು. ಕೆಳಗ ಇಳಿಯೂದು ಮೂರ ಇಂಚು. ಒಂದಿಂಚು ಉಳೀತಲ್ರಿ, ಗೆರಿ ಮುಟ್ಟೂದ ಇಲ್ಲ. ಸೊನ್ನಿನ ಇಲ್ರಿ!"

ಐದೂ ಪಿನ್ನು ಕಿತ್ತು ಅಕ್ಕನ ಅಂಗೈಗೆ ಸುರಿಯುತ್ತಾಳೆ.

"ಏ, ಸರಕೋರಿ! ಅಕ್ಕಾಗೂ ಚಾಪಿ ಮ್ಯಾಲ ಜಾಗಾ ಮಾಡ್ರಿ!" ಎಂದು ಪಕ್ಕದಲ್ಲಿದ್ದ ನುಜಹತ ಕಿಚಾಯಿಸುತ್ತಾಳೆ. ಶಬೀನಾ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಮಧ್ಯಾಹ್ನ ಭರಮವ್ವ ಪ್ರಶ್ನೆಪತ್ರಿಕೆ ಬೀಸುತ್ತ ಓಡಿಬರುತ್ತಾಳೆ. "ಒಂದೂ ಬಿಟ್ಟಿಲ್ರಿ ಅಕ್ಕಾ! ಈ ಸಲ ಪಾಸ, ಬರದಿಟ್ಟಕೋರಿ!"

ಶಬೀನಾ ಯಂತ್ರದ ಡ್ರಾಯರಿನಿಂದ ಪಿಯುಸಿ ಪರೀಕ್ಷೆಯ ಒಂದು ಅರ್ಜಿ ತೆಗೆಯುತ್ತಾರೆ. ಖಾಸಗಿ ಅಭ್ಯರ್ಥಿಯದು, ಅವರದೇ ಹೆಸರು.

"ಮುಂದಿನ ಸಲ ನಾನೂ ಬರೀತೇನವ್ವಾ. ಟಾಚಣಿ ಎಲ್ಲಿ ಚುಚ್ಚಬೇಕಂತ ಗೊತ್ತಿತ್ತು. ಎಲ್ಲಿ ಚುಚ್ಚಬಾರದು ಅನ್ನೂದನ್ನ ಇವತ್ತ ನೀ ಕಲಿಸಿದಿ."