ನೊರೆ ಏಳದ ನೀರು

ಔಷಧಿ ಅಂಗಡಿಯಲ್ಲಿ ಕೂತು ಕೂತು ನನಗೊಂದು ಚಟ ಅಂಟಿಕೊಂಡಿದೆ. ಕೈಗೆ ಏನು ಸಿಕ್ಕರೂ ತಿರುಗಿಸಿ ಬೆನ್ನ ಮೇಲಿನ ಸಣ್ಣ ಅಕ್ಷರ ಓದುವುದು. ಬಿಸ್ಕತ್ತಿನ ಪುಡಿಕೆ, ಹಲ್ಲುಪುಡಿ, ಇರುವೆ ಪುಡಿ, ಯಾವುದನ್ನೂ ಬಿಡುವುದಿಲ್ಲ. ಬೀಗರ ಮನೆಗೆ ಹೋದರೂ ಅವರ ಉಪ್ಪಿನಕಾಯಿ ಬಾಟಲಿ ತಿರುಗಿಸುತ್ತೇನೆಂದು ನಮ್ಮ ಮನೆಯವರು ನಗುತ್ತಾರೆ. ನಗಲಿ. ಕೊಪ್ಪಳದಲ್ಲಿ ಡಿ.ಫಾರ್ಮಾ ಓದುವಾಗ ಕಲಿತದ್ದರಲ್ಲಿ ಅರ್ಧ ಮರೆತಿದ್ದೇನೆ, ಈ ಚಟವೊಂದು ಗಟ್ಟಿಯಾಗಿ ಉಳಿದಿದೆ. ಆದರೂ ಯಲಬುರ್ಗಾದ ನಮ್ಮ ಅಂಗಡಿಯ ಬಾಗಿಲಲ್ಲಿ ತೋರಣದ ಹಾಗೆ ತೂಗುವ ಶಾಂಪೂ ಪಾಕೀಟುಗಳ ಬೆನ್ನನ್ನು ಮಾತ್ರ ನಾನು ಓದಿರಲಿಲ್ಲ. ಶಾಂಪೂ ಅಂದರೆ ಶಾಂಪೂ, ಅದರಲ್ಲಿ ಓದುವುದೇನು ಅಂದುಕೊಂಡಿದ್ದೆ.

ಹೋದ ವರ್ಷ ಶಿವರಾತ್ರಿ ಕಳೆದು ಬಿಸಿಲು ಚುರುಕಾಗುತ್ತಿದ್ದ ದಿನಗಳು. ಬೆಳಿಗ್ಗೆ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಪಡಸಾಲೆಯಲ್ಲಿ ಕೂತು ಕಡಲೆ ಹಸನು ಮಾಡುತ್ತಿದ್ದ ಅತ್ತೆ ಮೊರದಿಂದ ತಲೆ ಎತ್ತದೆ ಹೇಳಿದರು.

"ಯವ್ವಾ, ಆ ಪಾರ್ಲರ್ ಹುಡುಗಿಗೆ ಒಂದ ಮಾತ ಹೇಳಿ ಇಡು. ದವನದ ಹುಣ್ಣಿವಿಗೆ ಹುಲಿಗಿ ಗುಡಿಗೆ ಹೋಗೋದ್ರಾಗ ನನ್ನ ಕೂದಲಾ ಕುತ್ತಿಗಿಮಟ ಕತ್ತರಿಸಿ ಒಗೀಲಿ."

ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ. "ಯಾಕ್ರೀ ಅತ್ತಿ?"

"ಸತ್ತ ಹೋಗ್ಯಾವು. ಬಾಚಿದ್ರ ಹಣಿಗಿ ತುಂಬ ಬರ್ತಾವು, ಬಿಟ್ರ ಹಗ್ಗ ಆಗ್ತಾವು. ಈ ವಯಸ್ಸಿನಾಗ ಯಾರಿಗೆ ತೋರಸಬೇಕು."

ಮಾತು ಸಮಾಧಾನದ್ದೇ. ಆದರೆ ಕಡಲೆ ಆರಿಸುವ ಕೈ ನಿಂತಿತ್ತು. ಅತ್ತೆಯ ತುರುಬು ಎಂದರೆ ನಮ್ಮ ಓಣಿಯಲ್ಲಿ ಒಂದು ಹೆಸರು. ನಾನು ಮದುವೆಯಾಗಿ ಬಂದಾಗ ಎರಡು ಕೈ ಸೇರಿಸಿದರೂ ಹಿಡಿಯಲಾರದಷ್ಟು ದಪ್ಪವಿತ್ತು. ತಮ್ಮ ಬಗ್ಗೆ ಯಾವತ್ತೂ ಒಂದು ಒಳ್ಳೆಯ ಮಾತು ಆಡಿಕೊಳ್ಳದ ಹೆಂಗಸು, ಎಣ್ಣೆ ಹಚ್ಚುವಾಗ ಮಾತ್ರ ಕೂದಲನ್ನು ಮುಂದಕ್ಕೆ ಎಳೆದುಕೊಂಡು ಒಂದು ಗಳಿಗೆ ನೋಡುತ್ತ ಕೂರುತ್ತಿದ್ದರು. ಅವರಿಗೆ ಅಂತ ಇದ್ದ ಸಂತೋಷ ಅದೊಂದೇ ಎಂದು ನನಗೆ ಗೊತ್ತಿತ್ತು.

ಇನ್ನೊಂದು ವಿಷಯವೂ ಇತ್ತು. ನಮ್ಮ ಕಡೆ ಹೆಂಗಸರು ತಲೆಸ್ನಾನ ಮಾಡುವುದಿಲ್ಲ, ಎರೆದುಕೊಳ್ಳುತ್ತಾರೆ. ಒಬ್ಬರು ಕೂರುವುದು, ಇನ್ನೊಬ್ಬರು ತಂಬಿಗೆಯಿಂದ ನೀರು ಹಾಕಿ ತಿಕ್ಕುವುದು. ಗಂಗಾವತಿಯ ಕಾಲುವೆ ನೀರಿನಲ್ಲಿ ಬೆಳೆದ ನಾನು ಇಲ್ಲಿಗೆ ಬಂದ ಹೊಸತರಲ್ಲಿ ಬೋರಿನ ಗಡುಸಾದ ಸವಳು ನೀರಿಗೆ ಕೂದಲು ಜಡೆಗಟ್ಟಿ ಅತ್ತಾಗ, ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಎರೆದವರು ಅತ್ತೆ. ಆಮೇಲೆ ನಾನು ಅವರಿಗೆ, ಅವರು ನನಗೆ. ವಾರವೆಲ್ಲ ಉಪ್ಪು ಖಾರಕ್ಕೆ ಜಗಳಾಡಿದರೂ ಮಂಗಳವಾರ ಒಬ್ಬರ ತಲೆ ಒಬ್ಬರ ಕೈಯಲ್ಲಿ ಇರುತ್ತಿತ್ತು. ವರ್ಷದ ಹಿಂದೆ ಅತ್ತೆ ಅದನ್ನು ನಿಲ್ಲಿಸಿದ್ದರು. "ನಿನಗ ಅಂಗಡಿ ಐತಿ, ನಾನಽ ಎರಕೋತೀನಿ" ಎಂದಿದ್ದರು. ನನಗೂ ಅನುಕೂಲವೇ ಆಗಿತ್ತು, ಒಪ್ಪಿಕೊಂಡಿದ್ದೆ. ಈಗ ಕತ್ತರಿಯ ಮಾತು ಬಂದಾಗ ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಹೀಗೇ, ಅಳಬೇಕಾದಲ್ಲಿ ಬರುತ್ತದೆ.

"ಹುಣ್ಣಿವಿಮಟ ನಿಮ್ಮ ತಲಿ ನನ್ನ ಕೈಯಾಗ ಕೊಡ್ರಿ. ಸರಿ ಹೋಗಲಿಲ್ಲಂದ್ರ ನಾನಽ ಆಕೀನ ಕರಕೊಂಡ ಬರ್ತೀನಿ" ಎಂದೆ.

"ಮಾಡ ನೋಡು. ಸತ್ತದ್ದು ಏಳೂದಿಲ್ಲ" ಎಂದು ಅತ್ತೆ ಮತ್ತೆ ಮೊರ ಕೇರತೊಡಗಿದರು.

ಅಂಗಡಿಗೆ ಬಂದವಳೇ ತೋರಣದಿಂದ ಒಂದೊಂದು ಬಗೆಯ ಪಾಕೀಟು ಹರಿದು ಗಲ್ಲೆಯ ಮೇಲೆ ಹಾಕಿಕೊಂಡು ಕೂತೆ. ಗಿರಾಕಿಗಳು ಬಂದರೆ ಮಾತ್ರೆ ಕೊಡುವುದು, ಮತ್ತೆ ಓದುವುದು. ಎಲ್ಲದರಲ್ಲೂ ಮೊದಲ ಹೆಸರು ನೀರು. ಆಮೇಲೆ ಸೋಡಿಯಂನಿಂದ ಶುರುವಾಗಿ ಸಲ್ಫೇಟಿಗೆ ಮುಗಿಯುವ ಉದ್ದ ಹೆಸರು. ನೊರೆ ಎಬ್ಬಿಸುವುದೂ ಜಿಡ್ಡು ಎಳೆಯುವುದೂ ಅದೇ. ಅದಕ್ಕೆ ಹೊಲಸು ಯಾವುದು, ತಲೆಯ ಚರ್ಮ ತಾನಾಗಿ ಸುರಿಸಿಕೊಂಡ ಪಸೆ ಯಾವುದು ಎಂಬ ಭೇದ ತಿಳಿಯದು. ಕಡಿಮೆ ಹಾಕಿದರೆ ಹೊಲಸು ಒಯ್ಯುತ್ತದೆ, ಹೆಚ್ಚಾದರೆ ಪಸೆಯನ್ನೂ ಬಳಿದುಕೊಂಡು ಹೋಗುತ್ತದೆ. ಅದರ ಬಿರುಸು ತಗ್ಗಿಸಲೆಂದು ಕೊಬ್ಬರಿಯಿಂದ ಮಾಡಿದ ಇನ್ನೊಂದು ಮೆದು ನೊರೆಯ ಪದಾರ್ಥ ಸೇರಿಸಿರುತ್ತಾರೆ. ಗಟ್ಟಿಯಾಗಿ ಕಾಣಲೆಂದು ಅಡುಗೆ ಉಪ್ಪನ್ನು ಸಹ ಹಾಕುತ್ತಾರೆ. ಹೊಳಪಿಗೆ ಸಿಲಿಕೋನ್. ಅದು ಕೂದಲಿಗೆ ತೆಳುವಾದ ಅಂಗಿ ತೊಡಿಸುತ್ತದೆ, ಒಳಗಿನ ತೇವಕ್ಕೂ ಆ ಹೊಳಪಿಗೂ ಸಂಬಂಧ ಕಡಿಮೆ.

ಒಂದು ಹೆಸರು ಓದಿ ನಗು ಬಂತು. ಒದ್ದೆ ಕೂದಲು ಜಾರುವಂತೆ ಮಾಡಲು ಹಾಕುವ ಗೋಂದು ನಮ್ಮ ಚವಳಿಕಾಯಿಯ, ಅಂದರೆ ಗೋರಿಕಾಯಿಯ ಬೀಜದ್ದು. ಮನೆಯ ಹಿತ್ತಲಲ್ಲಿ ಬೆಳೆದ ಚವಳಿಕಾಯಿ ಪಲ್ಯವನ್ನು ನಾನು ಮೂಗು ಮುರಿದೇ ತಿನ್ನುವುದು. ಮಧ್ಯಾಹ್ನ ಊಟಕ್ಕೆ ಹೋದಾಗ ಓದಿದ್ದನ್ನೆಲ್ಲ ಅತ್ತೆಗೆ ಹೇಳಿದೆ.

"ಚವಳಿಕಾಯಿ ತಲಿಗೆ ಹಾಕ್ತಾರ ಅನ್ನು, ಇನ್ನ ಮ್ಯಾಲೆ ನೀ ತಿನ್ನೂದ ಬ್ಯಾಡ" ಎಂದರು. "ಮತ್ತ ಮೊದಲನೇದು ಏನ ಅಂದಿ?"

"ನೀರ್ರಿ. ಎಲ್ಲಾದಕ್ಕಿಂತ ಹೆಚ್ಚ ಅದಽ ಇರ್ತೈತಿ."

"ಹಂಗಾರ ಬಾಟ್ಲ್ಯಾಗ ನೀರ ತುಂಬಿ ಕಳಸ್ತಾರ ಅನ್ನು." ಅತ್ತೆ ಬಹಳ ದಿನದ ಮೇಲೆ ನಕ್ಕರು.

ಮಂಗಳವಾರ ಬಂತು. ಬಚ್ಚಲ ಕಲ್ಲಿನ ಮೇಲೆ ಅತ್ತೆ ನನಗೆ ಬೆನ್ನು ಮಾಡಿ ಕೂತರು. ಇಷ್ಟು ದಿನ ಹೇಗೆ ಎರೆದುಕೊಳ್ಳುತ್ತಿದ್ದರೋ ಹಾಗೇ ಮೊದಲು ನೀವೇ ಮಾಡಿ ತೋರಿಸಿ ಎಂದೆ. ಹಿಂದಿನ ದಿನವೇ ಕುಸುಬಿ ಎಣ್ಣೆಯನ್ನು ಕಿವಿಯ ಹಿಂದೆ ಇಳಿಯುವಷ್ಟು ಹಚ್ಚಿದ್ದರು. ಒಂದು ಪಾಕೀಟು ಸುರಿದು ತಿಕ್ಕಿದರು. ನೊರೆ ಬರಲಿಲ್ಲ. ಎಣ್ಣೆ ಇದ್ದಲ್ಲಿ, ಮೇಲಾಗಿ ಸವಳು ನೀರಿನಲ್ಲಿ, ಅದು ಸುಲಭಕ್ಕೆ ಬರುವುದಿಲ್ಲ. ಇನ್ನೊಂದು ಸುರಿದರು. ಮತ್ತೊಂದು. ಅಷ್ಟಾದರೂ ಮನಸ್ಸಿಗೆ ಬರುವಷ್ಟು ನೊರೆ ಏಳದಿದ್ದಾಗ ಗೂಡಿನಲ್ಲಿದ್ದ ಮೈ ಸಾಬೂನು ತೆಗೆದುಕೊಂಡು ತಲೆಯ ಮೇಲೆ ಗಸಗಸ ಉಜ್ಜಿದರು.

"ಅತ್ತೀ, ಇದೇನ್ರಿ?"

"ನೊರಿ ಬರಲಿಲ್ಲಂದ್ರ ತಲಿ ಹಸನ ಆಗೂದ ಹ್ಯಾಂಗ? ಆಮ್ಯಾಲೆ ತಲ್ಯಾಗ ಹೊಟ್ಟ ಆಗೈತಲ್ಲ, ಅದಕ್ಕ ಸಬಕಾರ."

ಆ ಹೊಟ್ಟನ್ನು ನಾನು ಬೆರಳಿನಲ್ಲಿ ತೆಗೆದು ನೋಡಿದೆ. ಹೊಟ್ಟಲ್ಲ. ಸವಳು ನೀರಿನ ಸುಣ್ಣವೂ ಸಾಬೂನೂ ಕೂಡಿ ಆದ ಜಿಗುಟು. ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪದರವೇ ಅತ್ತೆಯ ತಲೆಯಲ್ಲಿ ಕಟ್ಟಿತ್ತು. ಅದನ್ನು ಹೊಟ್ಟು ಎಂದು ತಿಳಿದು ಅವರು ಇನ್ನಷ್ಟು ಸಾಬೂನು ಹಚ್ಚಿದ್ದಾರೆ, ಅದು ಇನ್ನಷ್ಟು ಕಟ್ಟಿದೆ. ಕೂದಲು ಒಣಗಿತೆಂದು ಎಣ್ಣೆ ಸುರಿದಿದ್ದಾರೆ, ಎಣ್ಣೆ ಹೋಗಲೆಂದು ಶಾಂಪೂ ಸುರಿದಿದ್ದಾರೆ. ನಮ್ಮ ಓಣಿಯ ಹೆಂಗಸರೆಲ್ಲ ಮಾಡುವುದು ಇದನ್ನೇ. ಒಂದೇ ಸಲಕ್ಕೆ ನಾಲ್ಕೈದು ಪಾಕೀಟು ಹರಿಸಿಕೊಂಡು ಹೋಗುವ ಗಿರಾಕಿಗಳು ನೆನಪಾದರು. ಹಳ್ಳಿಯಲ್ಲಿ ಎರೆಮಣ್ಣು ನೆನೆಸಿ ಎರೆದುಕೊಳ್ಳುವಾಗ ನೊರೆಯ ಮಾತೇ ಇರಲಿಲ್ಲ ಎಂದು ಅತ್ತೆಯೇ ಎಷ್ಟೋ ಸಲ ಹೇಳಿದ್ದರು. ಪಟ್ಟಣಕ್ಕೆ ಬಂದ ಮೇಲೆ ನೊರೆ ಎದ್ದರೇ ಶುದ್ಧ ಎಂಬ ನಂಬಿಕೆ ಎಲ್ಲಿಂದಲೋ ಬಂದು ಬಚ್ಚಲಲ್ಲಿ ಕೂತುಬಿಟ್ಟಿತ್ತು.

ಸಾಬೂನು ಕಿತ್ತುಕೊಂಡು ನಾನು ಎರೆಯತೊಡಗಿದೆ. ಒದ್ದೆ ಕೂದಲನ್ನು ಸರಿಸಿದಾಗ ನಡುನೆತ್ತಿಯಲ್ಲಿ ಅಂಗೈಯಷ್ಟಗಲ ಬೋಳು ಕಂಡಿತು. ಕೂದಲು ಇತ್ತು, ಆದರೆ ಮೋಟು ಮೋಟಾಗಿ, ಕಡ್ಡಿಗಳಂತೆ. ಇದನ್ನೇ ಸೆರಗಿನಲ್ಲಿ ಮುಚ್ಚಿಕೊಂಡು, ನನ್ನ ಕೈಗೆ ತಲೆ ಕೊಡದೆ ವರ್ಷ ಕಳೆದಿದ್ದರು. ನನ್ನ ಕೈ ಅಲ್ಲಿ ನಿಂತದ್ದು ಅವರಿಗೆ ತಿಳಿಯಿತು.

"ಸಿಂಬಿ ಕುಂತ ಜಾಗ ಅದು" ಎಂದರು. "ಕೊಡ ಇಟ್ಟೂ ಇಟ್ಟೂ ಮೊದಲಽ ಸವದಿತ್ತು. ಮ್ಯಾಲಿನ ಕೂದಲ ದಪ್ಪ ಇತ್ತು, ಮುಚ್ಚಿಕೊಂಡ ಹೋಗಿತ್ತು. ಈಗ ಅದೂ ಇಲ್ಲ."

ಬೇವೂರಿನ ಕಡೆಯ ಅವರ ಹಳ್ಳಿಯಲ್ಲಿ ಊರ ಬಾವಿಗಳೆಲ್ಲ ಸವಳು. ಕುಡಿಯುವ ನೀರಿಗೆ ಹೊಲಗಳನ್ನು ದಾಟಿ ಹೋಗಬೇಕಿತ್ತು. ಬಟ್ಟೆಯ ಸಿಂಬಿ ಸುತ್ತಿ, ಅದರ ಮೇಲೆ ತಾಮ್ರದ ಕೊಡ. ಇದೆಲ್ಲ ನನಗೆ ಮಾತಿನಲ್ಲಿ ಗೊತ್ತಿತ್ತು. ಬೆರಳಿಗೆ ತಾಗಿದ್ದು ಅವತ್ತೇ. ಆ ಜಾಗಕ್ಕೆ ಯಾವ ಶಾಂಪೂ ಕೂದಲು ತರುವುದಿಲ್ಲವೆಂದು ಔಷಧಿ ಓದಿದ ನನಗೆ ಗೊತ್ತು, ಹಾಗೇ ಅವರಿಗೂ ಹೇಳಿದೆ. ಸುಳ್ಳು ಹೇಳಿ ಸಮಾಧಾನ ಮಾಡುವುದು ನನ್ನ ಕೈಯಲ್ಲಿ ಆಗುವುದಿಲ್ಲ. "ಉಳದದ್ದ ಉಳಸ್ಕೊಳ್ಳೂಣ್ರಿ" ಎಂದೆ.

ಸಾಬೂನು ಬಚ್ಚಲ ಗೂಡಿನಿಂದ ಎತ್ತಿಟ್ಟೆ. ಎಣ್ಣೆ ಅಂಗೈಯಲ್ಲಿ ಸವರುವಷ್ಟು, ಅದೂ ತುದಿಗಳಿಗೆ. ಅಂಗಡಿಯಲ್ಲಿದ್ದವುಗಳ ಪೈಕಿ ಸಲ್ಫೇಟಿನ ಬಿರುಸು ಕಡಿಮೆ ಇದ್ದ, ಸವಳಿನ ಸುಣ್ಣವನ್ನು ಹಿಡಿದಿಟ್ಟುಕೊಳ್ಳುವ ಪದಾರ್ಥವಿದ್ದ ಒಂದು ಶಾಂಪೂ ಆರಿಸಿ, ತಂಬಿಗೆ ನೀರಲ್ಲಿ ಕದಡಿ ಬುಡಕ್ಕಷ್ಟೇ ಹಾಕತೊಡಗಿದೆ. ನೊರೆ ಏಳದಿದ್ದುದಕ್ಕೆ ಅತ್ತೆ ಮೊದಮೊದಲು ಎರೆದುಕೊಂಡಂತೆಯೇ ಅನಿಸುವುದಿಲ್ಲವೆಂದು ಗೊಣಗಿದರು. ಗ್ಲಿಸರಿನ್ ಇರುವ ಒಂದನ್ನೂ ತಂದು ನೋಡಿದೆ. ಅದು ಗಾಳಿಯ ತೇವ ಎಳೆದು ಕೂದಲಿಗೆ ಕೊಡುತ್ತದಂತೆ. ಯಲಬುರ್ಗಾದ ಬೇಸಿಗೆ ಗಾಳಿಯಲ್ಲಿ ಎಳೆಯಲು ತೇವವಾದರೂ ಎಲ್ಲಿದೆ, ಪಾಪ ಅದು ಏನು ಮಾಡೀತು.

ಜಿಗುಟು ಹೋಯಿತು. ಹಣಿಗೆಗೆ ಬರುವ ಕೂದಲು ಕಡಿಮೆಯಾಯಿತು. ಆದರೂ ಒಣಗಿದ ಮೇಲೆ ಮುಟ್ಟಿದರೆ ಒರಟು. ಜೋಳದ ದಂಟಿಗೆ ಸೋಗೆ ಸುತ್ತಿರುವ ಹಾಗೆ ಕೂದಲಿನ ಮೈಗೂ ಪದರಗಳಿರುತ್ತವೆ. ಅವು ಒತ್ತಿಕೊಂಡಿದ್ದರೆ ಒಳಗಿನ ತೇವ ಒಳಗಿರುತ್ತದೆ. ಪ್ರತಿ ಸಲ ಕೊನೆಗೆ ಸುರಿಯುವ ಸವಳು ನೀರಿನ ಸುಣ್ಣ ಆ ಪದರದ ಮೇಲೆ ಕೂತು ನಾನು ಮಾಡಿದ್ದನ್ನೆಲ್ಲ ಕೆಡಿಸುತ್ತಿತ್ತು. ಆ ನಡುವೆ ಗಂಗಾವತಿಗೆ ತವರಿಗೆ ಹೋಗಿ ಬಂದೆ. ಅಲ್ಲಿನ ಕಾಲುವೆ ನೀರಿನಲ್ಲಿ ಎರೆದುಕೊಂಡು ಮೆತ್ತಗಾಗಿದ್ದ ನನ್ನ ಕೂದಲನ್ನು ಅತ್ತೆ ಮುಟ್ಟಿ ನೋಡಿದರು. ನನಗೆ ಉಪಾಯ ಹೊಳೆಯಿತು.

"ಕಡೀಗೆ ಒಂದ ಎರಡ ತಂಬಿಗಿ ಕ್ಯಾನಿನ ನೀರ ಹಾಕೂಣ್ರಿ" ಎಂದೆ. ಓಣಿಯ ಶುದ್ಧ ನೀರಿನ ಘಟಕದಿಂದ ಕುಡಿಯಲು ತರುವ ನೀರು ಅದು, ಸುಣ್ಣವೆಲ್ಲ ಸೋಸಿಹೋದದ್ದು.

ಅತ್ತೆಯ ಮುಖ ಬಿಗಿಯಿತು. "ಕುಡಿಯೂ ನೀರ ತಲಿಗೆ ಸುರೀತಾರನು? ಬಚ್ಚಲದಾಗ ಹರಿಸೂದು? ನಾ ಇರೂಮಟ ಈ ಮನ್ಯಾಗ ಅದ ಆಗೂದಿಲ್ಲ."

"ಒಂದ ತಂಬಿಗ್ರೀ."

"ಒಂದ ಹನಿನೂ ಇಲ್ಲ."

ನನಗೆ ಸಿಟ್ಟಿಗಿಂತ ಹೆಚ್ಚು ಸಂಕಟವಾಯಿತು. ಮಕ್ಕಳು ಅರ್ಧ ಕುಡಿದಿಟ್ಟ ಲೋಟವನ್ನು ಕೂಡ ಚೆಲ್ಲಗೊಡದೆ ತಾವೇ ಕುಡಿಯುವ ಹೆಂಗಸಿಗೆ ನಾನು ಏನೆಂದು ಹೇಳಲಿ. ಮಂಗಳವಾರಗಳು ಹಾಗೇ ಕಳೆದವು. ಕೂದಲು ಮೊದಲಿಗಿಂತ ವಾಸಿ, ಆದರೆ ಸೋತಿದ್ದೇನೆಂದು ನನಗೆ ಗೊತ್ತಿತ್ತು. ಅತ್ತೆಯೂ ಕತ್ತರಿಯ ಮಾತು ಬಿಟ್ಟಿರಲಿಲ್ಲ.

ಹುಣ್ಣಿಮೆಯ ಹಿಂದಿನ ಮಂಗಳವಾರ ಸಂಜೆಗೆ ಪಾರ್ಲರ್ ಹುಡುಗಿ ಬರುವವಳಿದ್ದಳು. ಕೊಟ್ಟ ಮಾತಿನಂತೆ ನಾನೇ ಹೇಳಿ ಬಂದಿದ್ದೆ. ಬೆಳಿಗ್ಗೆ ಕೊನೆಯದಾಗಿ ಎರೆಯಲು ಕೂರಿಸಿದೆ. ಶಾಂಪೂ ತೊಳೆದು, ಕೂದಲನ್ನು ಒಂದು ಕೈಯಲ್ಲಿ ಹಿಡಿದುಕೊಂಡೆ. ಒದ್ದೆಯಾದಾಗ ಇನ್ನೂ ಒಂದು ಹಿಡಿ ತುಂಬ ಇತ್ತು. ನೆತ್ತಿಯ ಆ ಬೋಳು ನನ್ನ ಕಣ್ಣೆದುರೇ ಇತ್ತು. ತಡೆಯಲಾಗಲಿಲ್ಲ.

"ಅತ್ತೀ, ಈ ತಲಿ ಮ್ಯಾಲೆ ಹೊತ್ತ ತಂದ ನೀರ ಮನಿ ಮಂದೆಲ್ಲಾ ಕುಡದಾರ, ದನಾನೂ ಕುಡದಾವು. ಈ ತಲಿಗೆ ಒಂದ ತಂಬಿಗಿ ಬ್ಯಾಡೇನ್ರಿ?"

ಅತ್ತೆ ಮೊಣಕಾಲ ಮೇಲೆ ಗದ್ದ ಊರಿ ಕೂತೇ ಇದ್ದರು. ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು, ಅದನ್ನು ಕೈಚಾಚಿ ಬಿಗಿಯಾಗಿ ತಿರುವಿದರು.

"ಒಂದಽ ತಂಬಿಗಿ" ಎಂದರು.

ಅಡುಗೆಮನೆಗೆ ಹೋಗಿ ಕ್ಯಾನು ಬಗ್ಗಿಸಿ ಕಂಚಿನ ತಂಬಿಗೆ ತುಂಬಿಕೊಂಡು ಬಂದೆ. ನೆತ್ತಿಯ ಮೇಲೆ, ಸಿಂಬಿ ಕೂತ ಜಾಗದಿಂದಲೇ ಸಣ್ಣಗೆ ಧಾರೆ ಬಿಟ್ಟೆ. ನೀರು ಹಣೆಗಿಳಿದು, ಮೂಗಿನ ಪಕ್ಕದಿಂದ ತುಟಿಗೆ ಬಂತು. ಅತ್ತೆ ಕಣ್ಣು ಮುಚ್ಚಿದ್ದರು. ತುಟಿಗೆ ಬಂದದ್ದನ್ನು ಬಚ್ಚಲಿಗೆ ಬೀಳಗೊಡದೆ ನಾಲಿಗೆಯಿಂದ ಎಳೆದುಕೊಂಡು ನುಂಗಿದರು. ಮತ್ತೆ ಬಂತು, ಮತ್ತೆ ನುಂಗಿದರು.

"ಆ ಹುಡುಗಿಗೆ ಫೋನ್ ಹಚ್ಚು" ಎಂದರು ಕಣ್ಣು ತೆರೆಯದೆ. "ಇವತ್ತ ಬರೂದ ಬ್ಯಾಡ ಅನ್ನು."

ನನ್ನ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಅವರ ಕೂದಲು. ಹೂಂನ್ರಿ ಎಂದು, ಉಳಿದ ನೀರನ್ನು ಇನ್ನಷ್ಟು ನಿಧಾನಕ್ಕೆ ಬಗ್ಗಿಸಿದೆ.